ಮಾಗಡಿ ರಸ್ತೆಯ ಸೊಪ್ಪು, ಚಾಲಕನಿಲ್ಲದ ಗಾಡಿ

2025ರ ಅಕ್ಟೋಬರ್‌ನಲ್ಲಿ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಚಾಲಕನಿಲ್ಲದ ಕಾರೊಂದು ಓಡಿತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಕಾಲೇಜು ಸೇರಿ ವರ್ಷಗಟ್ಟಲೆ ದುಡಿದು ತಯಾರಿಸಿದ ಮಾದರಿ ಅದು. ಕಾಲೇಜಿಗೆ ಬಂದಿದ್ದ ಉತ್ತರಾದಿ ಮಠದ ಶ್ರೀ ಸತ್ಯಾತ್ಮತೀರ್ಥರು ಆ ಕಾರಿನಲ್ಲಿ ಕುಳಿತು ಸಾಗಿದ ವಿಡಿಯೊ ಊರೆಲ್ಲ ಹರಿದಾಡಿತು. ನೋಡಿದವರು ಬೆರಗಾದರು, ಹೆಮ್ಮೆಪಟ್ಟರು. ಪಡಬೇಕಾದದ್ದೇ.

ಆ ಕಾಲೇಜಿನ ಮುಂದಿನ ರಸ್ತೆಯಲ್ಲೇ ಬಿಡದಿ, ರಾಮನಗರದ ಕಡೆಯ ತರಕಾರಿ, ಮದ್ದೂರಿನ ಎಳನೀರು, ಬೇಸಿಗೆಯಲ್ಲಿ ಮಾವು ನಗರಕ್ಕೆ ಬರುತ್ತವೆ. ಆದ್ದರಿಂದ ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದವರು ಈ ತಂತ್ರಜ್ಞಾನವನ್ನು ಕಾರು ಕೊಳ್ಳುವವರ ಕಣ್ಣಿನಿಂದ ಮಾತ್ರ ನೋಡಿದರೆ ಸಾಲದು. ತಾನೇ ಓಡುವ ಗಾಡಿ ಜನರನ್ನು ಕೂರಿಸಿಕೊಳ್ಳುವ ಮೊದಲು ಸರಕು ಹೊರುವ ಸಾಧ್ಯತೆಯೇ ಹೆಚ್ಚು. ಸರಕಿನಲ್ಲೂ ದಿನ ದಾಟಿದರೆ ಬೆಲೆ ಕಳೆದುಕೊಳ್ಳುವ ಸೊಪ್ಪು, ತರಕಾರಿಗೆ ಅದರಿಂದ ಆಗಬಹುದಾದ ಉಪಕಾರ ದೊಡ್ಡದು. ಆ ಉಪಕಾರ ರೈತನಿಗೆ ತಲುಪುತ್ತದೆಯೇ, ನಡುವೆ ಎಲ್ಲಾದರೂ ನಿಂತುಬಿಡುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ತಂತ್ರಜ್ಞಾನವಲ್ಲ, ಗಾಡಿಯ ಒಡೆತನ.

ಈಗ ಸೊಪ್ಪು ಬರುವ ದಾರಿ

ನಗರದ ಪಶ್ಚಿಮ ಭಾಗಕ್ಕೆ ಮೂರು ರಸ್ತೆಗಳು ಅನ್ನ ತರುತ್ತವೆ. ತುಮಕೂರು ರಸ್ತೆ ಈರುಳ್ಳಿ, ಆಲೂಗಡ್ಡೆ, ಬೇಳೆಕಾಳಿನ ದಾರಿ. ಯಶವಂತಪುರದ ಎಪಿಎಂಸಿ ಪ್ರಾಂಗಣ, ನೆಲಮಂಗಲದ ಹಾದಿಯ ದಾಸನಪುರ ಉಪಮಾರುಕಟ್ಟೆ ಎರಡೂ ಆ ಕಡೆಗಿವೆ. ಮೈಸೂರು ರಸ್ತೆಯ ಸರಕು ಆಗಲೇ ಹೇಳಿದ್ದು. ಮೂರನೆಯದಾದ ಮಾಗಡಿ ರಸ್ತೆ ಸೊಪ್ಪು, ಬೀನ್ಸ್, ಅವರೆಕಾಯಿಯ ದಾರಿ. ಡಿಸೆಂಬರ್, ಜನವರಿಯ ಮಂಜಿಗೆ ಮಾಗಡಿ ಸೀಮೆಯ ಅವರೆಗೆ ಸೊಗಡು ಏರುತ್ತದೆ. ಆಗ ಈ ರಸ್ತೆಯ ಅಂಗಡಿ, ತಳ್ಳುಗಾಡಿಗಳ ಮುಂದೆಲ್ಲ ಅವರೆಯದೇ ರಾಶಿ.

ತಾವರೆಕೆರೆ ಸುತ್ತಿನ ಒಂದು ಕೊತ್ತಂಬರಿ ಮಡಿಯನ್ನೇ ತೆಗೆದುಕೊಳ್ಳೋಣ. ಬಿಸಿಲು ಇಳಿದ ಮೇಲೆ ಸೊಪ್ಪು ಕೀಳುತ್ತಾರೆ. ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿ, ಬುಡಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತಾರೆ. ನಡುರಾತ್ರಿಯ ಹೊತ್ತಿಗೆ ಟಾಟಾ ಏಸ್ ಬರುತ್ತದೆ. ಅದು ಒಬ್ಬ ರೈತನಿಗಾಗಿ ಬರುವ ಗಾಡಿಯಲ್ಲ. ಅಕ್ಕಪಕ್ಕದ ನಾಲ್ಕಾರು ಹೊಲಗಳ ಮೂಟೆ ತುಂಬಿಕೊಂಡರಷ್ಟೇ ಬಾಡಿಗೆ ಗಿಟ್ಟುತ್ತದೆ. ಗಾಡಿ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ದಾಟಿ, ಬಲಕ್ಕೆ ವಿಜಯನಗರ, ಎಡಕ್ಕೆ ಬಸವೇಶ್ವರನಗರವನ್ನು ಬಿಟ್ಟು, ಹಳೆಯ ಟೋಲ್‌ಗೇಟ್ ಹಾದು ನೇರವಾಗಿ ಕೆ.ಆರ್. ಮಾರುಕಟ್ಟೆಗೋ ಕಲಾಸಿಪಾಳ್ಯಕ್ಕೋ ಹೋಗಿ ನಿಲ್ಲುತ್ತದೆ. ಅಲ್ಲಿ ಮಂಡಿಯವರು ದರ ಕೂಗಿ ಮುಗಿಸುವವರೆಗೆ ರೈತ ಕಾಯುತ್ತಾನೆ. ಬೆಳಗಿನ ಜಾವಕ್ಕೆ ವಿಜಯನಗರದ ವ್ಯಾಪಾರಿ ಲಗೇಜ್ ಆಟೋ ಹಿಡಿದು ಅದೇ ಮಾರುಕಟ್ಟೆಗೆ ಬರುತ್ತಾರೆ, ಅದೇ ಕೊತ್ತಂಬರಿ ಕೊಂಡು, ಅದೇ ರಸ್ತೆಯಲ್ಲಿ ಹಿಂದಕ್ಕೆ ತರುತ್ತಾರೆ.

ಅಂದರೆ ಬಸವೇಶ್ವರನಗರದ ಅಡುಗೆಮನೆಗೆ ಬೇಕಾದ ಸೊಪ್ಪು ರಾತ್ರಿ ಆ ಬಡಾವಣೆಯ ಮುಂದೆಯೇ ಹಾದುಹೋಗುತ್ತದೆ, ನಗರದ ಹೊಟ್ಟೆಯೊಳಗೆ ಸುತ್ತು ಹಾಕುತ್ತದೆ, ಎರಡು ಬಾಡಿಗೆ, ಎರಡು ಕಮಿಷನ್ ಹೊತ್ತು ಬೆಳಿಗ್ಗೆ ವಾಪಸು ಬರುತ್ತದೆ. ಈ ಸುತ್ತು ಯಾರ ದಡ್ಡತನದಿಂದಲೂ ಹುಟ್ಟಿದ್ದಲ್ಲ. ಕೊಳ್ಳುವವರು, ಮಾರುವವರು ಒಂದೇ ಜಾಗದಲ್ಲಿ ಸೇರಿದರೆ ಮಾತ್ರ ದರ ಗೊತ್ತಾಗುತ್ತಿದ್ದ ಕಾಲದ ವ್ಯವಸ್ಥೆ ಅದು. ಈಗ ದರ ಮೊಬೈಲಿನಲ್ಲೇ ಗೊತ್ತಾಗುತ್ತದೆ. ಸರಕು ಮಾತ್ರ ಇನ್ನೂ ಹಳೆಯ ಸುತ್ತನ್ನೇ ಹಾಕುತ್ತಿದೆ.

ಸುತ್ತಿನ ಬೆಲೆ ತೆರುವುದು ಸೊಪ್ಪು. ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಜೋರಾಗುತ್ತದೆ, ಒಳಗಿನ ಸಕ್ಕರೆ ಕರಗುತ್ತದೆ, ನೀರು ಆರಿ ಎಲೆ ಬಾಡುತ್ತದೆ. ಒದ್ದೆ ಗೋಣಿತಾಟು ಅದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸಲಾರದು. ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ಸಂಶೋಧನಾ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ತರಕಾರಿಯ ಕೊಯ್ಲೋತ್ತರ ನಷ್ಟ ಬೆಳೆಗನುಗುಣವಾಗಿ ಶೇ 4.58ರಿಂದ 12.44. ಪಟ್ಟಿಯ ತುದಿಯಲ್ಲಿದ್ದದ್ದು ಟೊಮೆಟೊ. ನಬಾರ್ಡ್‌ನ ಸಲಹಾ ಸಂಸ್ಥೆ ನ್ಯಾಬ್‌ಕಾನ್ಸ್ 2022ರಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಅದು ಶೇ 4.87ರಿಂದ 11.61ರ ನಡುವೆಯೇ ಇತ್ತು. ಏಳು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ.

ಇದರ ಮೇಲೆ ನಗರದ ದಟ್ಟಣೆ. ಟಾಮ್‌ಟಾಮ್ ಸಂಸ್ಥೆಯ 2022ರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಜಗತ್ತಿನ ನಗರಗಳ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನ. ಸರಕು ರಾತ್ರಿಯಲ್ಲೇ ಬರುವುದಕ್ಕೆ ಇದೂ ಒಂದು ಕಾರಣ. ಆ ರಾತ್ರಿಯ ನಿದ್ದೆ ಕೆಡಿಸಿಕೊಳ್ಳುವವರು ರೈತ ಮತ್ತು ಚಾಲಕ.

ಗಾಡಿ ತಾನೇ ಓಡುವುದು ಹೇಗೆ

ಚಾಲಕ ಮಾಡುವ ಕೆಲಸ ಮೂರು: ಸುತ್ತ ನೋಡುವುದು, ಮುಂದೇನಾಗಬಹುದೆಂದು ಊಹಿಸುವುದು, ಅದಕ್ಕೆ ತಕ್ಕಂತೆ ಸ್ಟೀರಿಂಗ್, ಬ್ರೇಕು, ಆಕ್ಸಿಲರೇಟರ್ ಆಡಿಸುವುದು. ಚಾಲಕರಹಿತ ಗಾಡಿಯಲ್ಲಿ ನೋಡುವ ಕೆಲಸ ಕ್ಯಾಮೆರಾ, ರೇಡಾರ್, ಲೈಡಾರ್‌ಗಳದ್ದು. ಲೈಡಾರ್ ಲೇಸರ್ ಬೆಳಕನ್ನು ಮಿಡಿಮಿಡಿಯಾಗಿ ಬಿಟ್ಟು, ಅದು ವಸ್ತುವಿಗೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರವನ್ನು ಅಳೆಯುತ್ತದೆ. ಕತ್ತಲಲ್ಲೂ ಅದಕ್ಕೆ ಕಾಣುತ್ತದೆ, ಜೋರು ಮಳೆಯಲ್ಲಿ ಮಂಕಾಗುತ್ತದೆ. ರೇಡಾರ್ ಮಳೆಗೆ ಅಂಜುವುದಿಲ್ಲ, ಆದರೆ ಎದುರಿಗಿರುವುದು ಏನೆಂದು ಬಿಡಿಸಿ ಹೇಳಲಾರದು. ಅದನ್ನು ಹೇಳಬೇಕಾದದ್ದು ಕ್ಯಾಮೆರಾ. ಮೂರರ ಮಾಹಿತಿಯನ್ನೂ ಗಾಡಿಯೊಳಗಿನ ಕಂಪ್ಯೂಟರ್ ಒಟ್ಟುಗೂಡಿಸಿ, ಮೊದಲೇ ಸಿದ್ಧಪಡಿಸಿಟ್ಟ ನಕ್ಷೆಯೊಂದಿಗೆ ತಾಳೆ ನೋಡಿ, ಕ್ಷಣಕ್ಷಣವೂ ನಿರ್ಧಾರ ತೆಗೆದುಕೊಳ್ಳುತ್ತದೆ.

ಇದರ ಮಟ್ಟಗಳನ್ನು ಸೊನ್ನೆಯಿಂದ ಐದರವರೆಗೆ ಗುರುತಿಸುತ್ತಾರೆ. ಈಗ ಮಾರಾಟಕ್ಕಿರುವ ಕೆಲವು ಕಾರುಗಳಲ್ಲಿ ಕಾಣುವ, ಲೇನ್ ಬಿಡದಂತೆ ನೋಡಿಕೊಳ್ಳುವ, ಮುಂದಿನ ಗಾಡಿಗೆ ತಕ್ಕಂತೆ ವೇಗ ಹೊಂದಿಸುವ ಸೌಲಭ್ಯಗಳು ಒಂದು, ಎರಡನೆಯ ಮಟ್ಟದವು. ಐದನೆಯದೆಂದರೆ ಎಲ್ಲ ರಸ್ತೆ, ಎಲ್ಲ ಹವೆಯಲ್ಲೂ ಚಾಲಕ ಬೇಕೇ ಬೇಡ ಎಂಬ ಮಟ್ಟ. ಅದು ಜಗತ್ತಿನಲ್ಲಿ ಎಲ್ಲೂ ಬಂದಿಲ್ಲ. ಕೃಷಿ ಸರಕಿಗೆ ಮುಖ್ಯವಾಗುವುದು ನಾಲ್ಕನೆಯ ಮಟ್ಟ: ಗೊತ್ತುಪಡಿಸಿದ ದಾರಿಯಲ್ಲಿ, ಗೊತ್ತುಪಡಿಸಿದ ಹೊತ್ತಿನಲ್ಲಿ ಚಾಲಕನಿಲ್ಲದೆ ಓಡುವುದು.

ನಮ್ಮ ರಸ್ತೆಗಳಿಗೆ ಪರದೇಶದ ತರಬೇತಿ ಸಾಲದು ಎಂಬುದನ್ನು ಸಂಶೋಧಕರು ಮೊದಲೇ ಕಂಡಿದ್ದಾರೆ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಹತ್ತು ಸಾವಿರ ರಸ್ತೆ ಚಿತ್ರಗಳ ಭಂಡಾರವೊಂದನ್ನು ಬಿಡುಗಡೆ ಮಾಡಿದವು. ಹೈದರಾಬಾದ್, ಬೆಂಗಳೂರು ಮತ್ತು ಈ ಎರಡು ನಗರಗಳ ಹೊರವಲಯದಲ್ಲಿ ತೆಗೆದ ಚಿತ್ರಗಳವು. ಯುರೋಪಿನ ಭಂಡಾರಗಳಲ್ಲಿ ಇಲ್ಲದ ಆಟೋರಿಕ್ಷಾ, ರಸ್ತೆ ಮೇಲಿನ ಪ್ರಾಣಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚು ಇವಕ್ಕೆಲ್ಲ ಅದರಲ್ಲಿ ಬೇರೆಬೇರೆ ಗುರುತುಗಳಿವೆ. ಕಾಮಾಕ್ಷಿಪಾಳ್ಯದಲ್ಲಿ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರನ್ನು ಗುರುತಿಸಲು ಕಲಿಯಬೇಕಾದ ಯಂತ್ರಕ್ಕೆ ಇಂಥ ಪಾಠವೇ ಬೇಕು.

ಊರಿನಲ್ಲೇ ಆಗಿರುವ ಕೆಲಸ

ಆರ್.ವಿ. ಕಾಲೇಜಿನ ಕಾರು ಒಂದೇ ಅಲ್ಲ. ಬೆಂಗಳೂರಿನ ಮೈನಸ್ ಝೀರೋ ಕಂಪನಿ 2023ರಲ್ಲಿ ಝೀಪಾಡ್ ಎಂಬ ಸ್ವಯಂಚಾಲಿತ ಗಾಡಿಯನ್ನು ತೋರಿಸಿತು. ಮರುವರ್ಷ ಅಶೋಕ್ ಲೇಲ್ಯಾಂಡ್ ಜೊತೆ ಸೇರಿ ಸ್ವಯಂಚಾಲಿತ ಟ್ರಕ್ಕುಗಳನ್ನು ರೂಪಿಸುವ ಒಪ್ಪಂದಕ್ಕೆ ಬಂತು. ಬೆಂಗಳೂರಿನದೇ ಆದ ಆಟಿ ಮೋಟಾರ್ಸ್ ಇನ್ನೂ ಮುಂದೆ ಹೋಗಿದೆ. ಅದರ ಶೆರ್ಪಾ ಎಂಬ ಗಾಡಿಗಳು ಕಾರ್ಖಾನೆಗಳೊಳಗೆ ಸರಕು ಎಳೆಯುವ ಕೆಲಸವನ್ನು ಆಗಲೇ ಮಾಡುತ್ತಿವೆ. ಸುದ್ದಿಯಲ್ಲಿ ಕಡಿಮೆ ಕಾಣುವ ಈ ಕೆಲಸವೇ ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ. ಕ್ರೇಟು ಹೊತ್ತು ಒಂದೇ ದಾರಿಯಲ್ಲಿ ದಿನವಿಡೀ ಓಡಾಡುವ ಗಾಡಿಗೂ ತರಕಾರಿ ಗಾಡಿಗೂ ಅಂತರ ಬಹಳವಿಲ್ಲ.

ಹಳಿಯ ಮೇಲೆ ಈ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ದಿಲ್ಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಚಾಲಕರಹಿತ ರೈಲು ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ನಮ್ಮ ಮೆಟ್ರೊದ ಹಳದಿ ಮಾರ್ಗದ ರೈಲುಗಳಿಗೂ ಆ ಸಾಮರ್ಥ್ಯವಿದೆ. ಆರಂಭದಲ್ಲಿ ಚಾಲಕರನ್ನು ಇಟ್ಟುಕೊಂಡೇ ಓಡಿಸಲಾಯಿತು. ಅಡ್ಡ ಬರುವವರು ಇಲ್ಲದ ದಾರಿ ಸಿಕ್ಕರೆ ಯಂತ್ರಕ್ಕೆ ಸುಲಭ.

ಹೊರಗಿನ ಅನುಭವ

ಅಮೆರಿಕದಲ್ಲಿ ಎರಡು ಬಗೆಯ ಪ್ರಯೋಗಗಳು ನಡೆದವು. ನ್ಯೂರೊ ಎಂಬ ಕಂಪನಿ ಮನೆ ಬಾಗಿಲಿಗೆ ದಿನಸಿ ತಲುಪಿಸುವ ಪುಟ್ಟ ಗಾಡಿಗಳನ್ನು ತಯಾರಿಸಿ, ಕ್ರೋಗರ್ ಮಳಿಗೆಯೊಂದಿಗೆ ಸೇರಿ 2018ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ರಸ್ತೆಗಿಳಿಸಿತು. ಗಾಡಿ ಮನೆ ಮುಂದೆ ನಿಲ್ಲುತ್ತಿತ್ತು, ಗಿರಾಕಿ ಹೊರಬಂದು ಕೋಡ್ ಒತ್ತಿ ಚೀಲ ತೆಗೆದುಕೊಳ್ಳುತ್ತಿದ್ದ. 2024ರ ಹೊತ್ತಿಗೆ ಕಂಪನಿ ಆ ದಾರಿ ಬಿಟ್ಟು, ತನ್ನ ತಂತ್ರಜ್ಞಾನವನ್ನು ಬೇರೆ ತಯಾರಕರಿಗೆ ಪರವಾನಗಿಯ ಮೇಲೆ ಕೊಡುವ ಕೆಲಸಕ್ಕೆ ಹೊರಳಿತು. ಎರಡನೆಯದು ಗಾಟಿಕ್. ಅದು ಮನೆ ಬಾಗಿಲಿನ ಗೋಜಿಗೇ ಹೋಗಲಿಲ್ಲ. ಆರ್ಕನ್ಸಾದ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್‌ನ ಒಂದು ಗೋದಾಮಿನಿಂದ ಒಂದು ಮಳಿಗೆಗೆ, ಸುಮಾರು 11 ಕಿಲೋಮೀಟರಿನ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿ, 2021ರ ಆಗಸ್ಟ್‌ನಲ್ಲಿ ಚಾಲಕನನ್ನು ಗಾಡಿಯಿಂದ ಪೂರ್ತಿ ಇಳಿಸಿತು. ಚೀನಾದ ಹಲವು ನಗರಗಳಲ್ಲಿ ಗೋದಾಮಿನಿಂದ ಬಡಾವಣೆಯ ಪಾರ್ಸೆಲ್ ಕೇಂದ್ರಕ್ಕೆ ಸರಕು ಒಯ್ಯುವ ಪೆಟ್ಟಿಗೆ ಗಾಡಿಗಳು ಈಗ ಸಾವಿರಗಳ ಲೆಕ್ಕದಲ್ಲಿವೆ.

ನಮಗೆ ಹೆಚ್ಚು ಹತ್ತಿರದ್ದು ಜಪಾನಿನ ಉದಾಹರಣೆ. ಅಲ್ಲಿನ ಹಳ್ಳಿಗಳಲ್ಲಿ ಮುದುಕರೇ ಹೆಚ್ಚು. ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯಲು ಗಾಡಿ ಓಡಿಸುವವರಿಲ್ಲ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ಸ್ಥಳೀಯ ರೈತರ ತರಕಾರಿ ಮಾರುವ ಪದ್ಧತಿ ಅಲ್ಲಿದೆ. ಆ ತಾಣಗಳನ್ನೇ ಕೇಂದ್ರ ಮಾಡಿಕೊಂಡು ಸರ್ಕಾರ 2017ರಿಂದ ನಿಧಾನಗತಿಯ ಸ್ವಯಂಚಾಲಿತ ಗಾಡಿಗಳನ್ನು ಓಡಿಸಿ ನೋಡಿತು, ಜನರ ಜೊತೆಗೆ ಹೊಲದ ಬೆಳೆಯನ್ನೂ ಸಾಗಿಸಿತು. ಅಕಿತಾ ಪ್ರಾಂತದ ಕಾಮಿಕೊಆನಿ ಎಂಬ ಹಳ್ಳಿಯಲ್ಲಿ 2019ರ ನವೆಂಬರ್‌ನಿಂದ ಅದು ನಿತ್ಯದ ಸೇವೆಯೇ ಆಯಿತು. ಗಾಲ್ಫ್ ಮೈದಾನದ ಗಾಡಿಯಂಥದ್ದು, ರಸ್ತೆಯೊಳಗೆ ಹುದುಗಿಸಿದ ತಂತಿಯ ಜಾಡು ಹಿಡಿದು ಹೋಗುತ್ತದೆ. ವೇಗವಿಲ್ಲ, ಅಬ್ಬರವಿಲ್ಲ. ಊರಿನ ಅಗತ್ಯದಿಂದ ಹುಟ್ಟಿದ್ದಾದ್ದರಿಂದ ಉಳಿದುಕೊಂಡಿತು.

ಬದಲಾವಣೆ ಮೊದಲು ಕಾಣಬಹುದಾದ ಜಾಗ

ಈ ಅನುಭವಗಳನ್ನು ಪಶ್ಚಿಮ ಬೆಂಗಳೂರಿನ ನಕ್ಷೆಯ ಮೇಲಿಟ್ಟು ನೋಡಿದರೆ ಎರಡು ತುಂಡು ದಾರಿಗಳು ಎದ್ದು ಕಾಣುತ್ತವೆ. ಮೊದಲನೆಯದು ನೈಸ್ ರಸ್ತೆ. ತುಮಕೂರು ರಸ್ತೆಯಿಂದ ಹೊರಟು ಮಾಗಡಿ ರಸ್ತೆ, ಮೈಸೂರು ರಸ್ತೆಗಳನ್ನು ದಾಟಿ ಹೊಸೂರು ರಸ್ತೆಯವರೆಗೆ ಸಾಗುವ ಈ ಸುಂಕದ ರಸ್ತೆಗೆ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಎರಡನೆಯದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿ. ಆದರೆ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ, ಮೂರು ಗಾಲಿಯ ಲಗೇಜ್ ಆಟೋದವನು ಸರ್ವಿಸ್ ರಸ್ತೆಗೆ ಇಳಿಯಬೇಕಾಯಿತು. ಹೊಲದ ಪಕ್ಕದಲ್ಲೇ ರಸ್ತೆ ಹೋದರೂ ಅದು ಅವನದ್ದಾಗಲಿಲ್ಲ. ಚಾಲಕರಹಿತ ನಾಲ್ಕು ಗಾಲಿಯ ಗಾಡಿ ಇಂಥ ಮುಖ್ಯಪಥದಲ್ಲಿ ಸಲೀಸಾಗಿ ಓಡಬಲ್ಲದು. ಮೊದಲ ಪರೀಕ್ಷೆಗಳು ಇಲ್ಲಿ, ರಾತ್ರಿ ಹೊತ್ತು, ಪಕ್ಕದಲ್ಲಿ ಮೇಲ್ವಿಚಾರಕನನ್ನು ಕೂರಿಸಿಕೊಂಡು ನಡೆಯುವುದು ಸೂಕ್ತ.

ಸರಕು ಇಳಿಸುವ ಜಾಗಗಳೂ ಹುಡುಕಬೇಕಿಲ್ಲ. ಕೆಂಗೇರಿಯಲ್ಲಿ, ವಿಜಯನಗರದಲ್ಲಿ ಬಿಎಂಟಿಸಿಯ ದೊಡ್ಡ ಬಸ್ ನಿಲ್ದಾಣ ಸಂಕೀರ್ಣಗಳಿವೆ. ನೇರಳೆ ಮೆಟ್ರೊದ ಪಶ್ಚಿಮ ತುದಿ ಚಲ್ಲಘಟ್ಟ, ಹೊಲಗಳ ಅಂಚಿನಲ್ಲಿದೆ. ವಿಜಯನಗರದಲ್ಲಿ 2024ರಲ್ಲಿ ತೆರೆದ ನೆಲದಡಿಯ ಹವಾನಿಯಂತ್ರಿತ ಪಾಲಿಕೆ ಬಜಾರ್ ಇದೆ. ಇವೆಲ್ಲ ಸಾರ್ವಜನಿಕ ಜಾಗಗಳು. ಬೆಳಗಿನ ಜಾವ ಒಂದೆರಡು ಗಂಟೆ ಒಂದು ಮೂಲೆಯನ್ನು ಕ್ರೇಟು ಇಳಿಸಲು ಬಿಟ್ಟುಕೊಟ್ಟರೆ ವ್ಯಾಪಾರಿ ಕಲಾಸಿಪಾಳ್ಯಕ್ಕೆ ಹೋಗಿ ಬರುವ ಸುತ್ತು ತಪ್ಪುತ್ತದೆ.

ಇನ್ನು ಲೆಕ್ಕದ ಮಾತು. ಚಾಲಕನ ಸಂಬಳ ಉಳಿಯುತ್ತದೆ ಎಂಬುದು ಅಮೆರಿಕದಲ್ಲಿ ದೊಡ್ಡ ವಾದ. ನಮ್ಮಲ್ಲಿ ಅದು ಅಷ್ಟು ಗಟ್ಟಿಯಲ್ಲ. ಇಲ್ಲಿ ಚಾಲಕನ ಕೂಲಿ ಕಡಿಮೆ, ಲೈಡಾರ್ ಮತ್ತು ಕಂಪ್ಯೂಟರಿನ ಬೆಲೆ ಹೆಚ್ಚು. ನಮ್ಮಲ್ಲಿ ಸಿಗಬಹುದಾದ ಲಾಭ ಬೇರೆ ರೀತಿಯದು. ಒಂದು ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಕೊಡಬೇಕಾದಾಗ ಗಾಡಿ ತುಂಬುವವರೆಗೆ ಕಾಯಲೇಬೇಕು. ಕೂಲಿ ಟ್ರಿಪ್ಪಿಗೆ ಅಂಟಿಕೊಳ್ಳದಿದ್ದರೆ, ಗಾಡಿ ವಿದ್ಯುತ್ತಿನದ್ದಾದರೆ, ಅರ್ಧ ತುಂಬಿದ ಸಣ್ಣ ಗಾಡಿ ದಿನಕ್ಕೆ ಮೂರು ಸಲ ಬಂದುಹೋದರೂ ಹೊರೆಯಾಗದು. ಆಗ ರೈತ ಎಲ್ಲ ಸೊಪ್ಪನ್ನೂ ಒಂದೇ ಸಂಜೆ ಕೀಳಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಕಿತ್ತದ್ದು ಎಂಟಕ್ಕೆ ಬಸವೇಶ್ವರನಗರದಲ್ಲಿರಬಹುದು. ಸಂಜೆ ನಾಲ್ಕಕ್ಕೆ ಕಿತ್ತದ್ದು, ಜನ ಕೆಲಸ ಮುಗಿಸಿ ಮನೆಗೆ ಮರಳುವ ಏಳು ಗಂಟೆಗೆ ವಿಜಯನಗರದ ಅಂಗಡಿಯಲ್ಲಿರಬಹುದು. ಎರಡು ಗುಂಟೆಯಲ್ಲಿ ಸೊಪ್ಪು ಬೆಳೆಯುವ ಹೆಂಗಸಿನ ಹತ್ತು ಕಟ್ಟಿಗೂ ಗಾಡಿಯಲ್ಲಿ ಜಾಗ ಸಿಗುತ್ತದೆ. ಈಗ ಅಷ್ಟು ಸಣ್ಣ ಸರಕನ್ನು ಮಾರುಕಟ್ಟೆಗೆ ಒಯ್ದರೆ ಬಾಡಿಗೆಯೂ ಹುಟ್ಟುವುದಿಲ್ಲ. ಅದು ಊರಿನಲ್ಲೇ ಸಿಕ್ಕಿದ ಬೆಲೆಗೆ ಹೋಗುತ್ತದೆ, ಇಲ್ಲವೇ ದನದ ಪಾಲಾಗುತ್ತದೆ. ಚಾಲಕರಹಿತ ಸಾಗಣೆಯಿಂದ ಒಂದೇ ಒಂದು ಒಳಿತಾಗುವುದಿದ್ದರೆ ಅದು ಇದಾಗಲಿ ಎಂದು ನನ್ನ ಆಸೆ.

ಮನೆ ಬಾಗಿಲಿನ ಮಾತು ಬೇರೆ

ಬಡಾವಣೆಯೊಳಗೆ ಯಂತ್ರ ಸದ್ಯಕ್ಕೆ ಗೆಲ್ಲಲಾರದು. ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ. ನಡುವೆ ಉಳಿಯುವುದು ಒಂದು ಗಾಡಿಯ ಜಾಗ. ಎದುರು ಬದುರಾದ ಇಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಒಬ್ಬರು ಹಿಂದೆ ಸರಿಯುತ್ತಾರೆ. ಆ ಮಾತು ಯಂತ್ರಕ್ಕೆ ಬರುವುದಿಲ್ಲ. ಹಬ್ಬದ ದಿನ ಶಾಮಿಯಾನ, ಅಗೆದ ಪೈಪ್‌ಲೈನು, ಮೂರನೆಯ ಮಹಡಿಯಿಂದ ಇಳಿಬಿಟ್ಟ ಬುಟ್ಟಿ ಇವೆಲ್ಲ ಅದಕ್ಕೆ ತಲೆನೋವು. ಸೊಪ್ಪಿನ ತಳ್ಳುಗಾಡಿಯವರಿಗೆ ಯಾವ ಮನೆಗೆ ಸಬ್ಬಸಿಗೆ ಬೇಕು, ಯಾರು ವಾರಕ್ಕೊಮ್ಮೆ ದುಡ್ಡು ಕೊಡುತ್ತಾರೆ, ಯಾವ ಅಜ್ಜಿಗೆ ಸೊಪ್ಪು ಬಿಡಿಸಿ ಕೊಡಬೇಕು ಎಂಬುದೆಲ್ಲ ಗೊತ್ತು. ಕೊನೆಯ ಒಂದು ಕಿಲೋಮೀಟರು ಅವರದ್ದಾಗಿಯೇ ಇರಬೇಕು.

ಅಪಾರ್ಟ್‌ಮೆಂಟುಗಳಿಗೆ ಬೇರೆ ವ್ಯವಸ್ಥೆ ಆದೀತು. ಗೇಟಿನ ಬಳಿ ಗಾಡಿ ನಿಂತು, ಮೊದಲೇ ಬುಕ್ ಮಾಡಿದ ಕ್ರೇಟುಗಳನ್ನು ಇಳಿಸಿಕೊಳ್ಳುವುದು ಕಷ್ಟವಲ್ಲ. ಡ್ರೋನಿನ ವಿಷಯ ಬಂದರೆ, ಗೌರಿಬಿದನೂರಿನಲ್ಲಿ 2021ರ ಜೂನ್‌ನಲ್ಲಿ ಔಷಧಿ ಸಾಗಿಸುವ ಪರೀಕ್ಷೆ ನಡೆದಿತ್ತು. ಔಷಧಿಗೆ ಅದು ಸರಿ, ಕುಂಬಳಕಾಯಿಗೆ ಅಲ್ಲ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಲೈಸೆನ್ಸ್ ಇರಬೇಕು. ಓಡಿಸುವವರೇ ಇಲ್ಲದ ಗಾಡಿಯ ಕಲ್ಪನೆ ಆ ಕಾಯ್ದೆ ಬರೆದವರಿಗಿರಲಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ 2ಬಿ ಸೆಕ್ಷನ್ ಸಣ್ಣದೊಂದು ಬಾಗಿಲು ತೆರೆದಿದೆ: ಸಂಶೋಧನೆ, ಹೊಸ ಆವಿಷ್ಕಾರಗಳಿಗಾಗಿ ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು. ಪರೀಕ್ಷೆಗೆ ಅಷ್ಟು ಸಾಕು, ವ್ಯಾಪಾರಕ್ಕೆ ಸಾಲದು. ಅಪಘಾತವಾದರೆ ಹೊಣೆ ಗಾಡಿಯ ಮಾಲೀಕನದ್ದೋ, ತಂತ್ರಾಂಶ ಬರೆದ ಕಂಪನಿಯದ್ದೋ, ದೂರದಿಂದ ಪರದೆಯಲ್ಲಿ ಗಮನಿಸುತ್ತಿದ್ದವನದ್ದೋ ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗುವವರೆಗೆ ರೈತರ ಸಂಘಗಳು ವ್ಯಾಪಾರಕ್ಕೆಂದು ಇಂಥ ಗಾಡಿ ಕೊಳ್ಳಲು ಮುಂದಾಗಬಾರದು; ಪರೀಕ್ಷೆಗಾದರೂ ಹೊಣೆ ಯಾರದ್ದೆಂದು ಮೊದಲೇ ಬರೆಸಿಕೊಳ್ಳಬೇಕು. ಒಂದು ಅಪಘಾತದ ಪರಿಹಾರ ಸಣ್ಣ ಸಂಘವೊಂದನ್ನು ಮುಗಿಸಿಬಿಡಬಲ್ಲದು.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ, ಮತ್ತೆ 2023ರ ಡಿಸೆಂಬರ್‌ನಲ್ಲೂ ಚಾಲಕರಹಿತ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಎಂದಿದ್ದಾರೆ. ಎಪ್ಪತ್ತು ಎಂಬತ್ತು ಲಕ್ಷ ಚಾಲಕರ ಕೆಲಸ ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಸ್ಟೀರಿಂಗ್ ಹಿಡಿದವರು

ಆ ಕಾರಣವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತರಕಾರಿ ಗಾಡಿಯ ಚಾಲಕ ಬರೀ ಸ್ಟೀರಿಂಗ್ ಹಿಡಿಯುವವನಲ್ಲ. ಅವನು ಮೂಟೆ ಎತ್ತುತ್ತಾನೆ, ಹಗ್ಗ ಬಿಗಿಯುತ್ತಾನೆ, ಪಂಕ್ಚರ್ ಆದರೆ ಟಯರ್ ಬದಲಿಸುತ್ತಾನೆ, ರೈತ ಬರಲಾಗದ ದಿನ ಮಂಡಿಯಲ್ಲಿ ಅವನ ಪರವಾಗಿ ನಿಂತು ದುಡ್ಡು ಎಣಿಸಿ ತಂದು ಕೊಡುತ್ತಾನೆ. ಎಷ್ಟೋ ಸಲ ಅವನೇ ಆ ಊರಿನ ರೈತನ ಮಗ, ಗಾಡಿಯ ಸಾಲ ಇನ್ನೂ ಅವನ ತಲೆಯ ಮೇಲಿರುತ್ತದೆ. ಯಂತ್ರ ಬಂದರೆ ಹೋಗುವುದು ರಾತ್ರಿಯ ಓಡಾಟ. ಎತ್ತುವ, ಇಳಿಸುವ, ಲೆಕ್ಕ ನೋಡುವ ಕೆಲಸಗಳು ಉಳಿಯುತ್ತವೆ. ಅವು ಯಾರ ಪಾಲಿಗೆ, ಯಾವ ಕೂಲಿಗೆ ಉಳಿಯುತ್ತವೆ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು.

ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದೆ. 2025ರಲ್ಲಿ ಜಾರಿಗೆ ಬಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ, ಡೆಲಿವರಿ ಹುಡುಗರಿಗೆ ಕಂಪನಿ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಟ್ಟಿಸಿಕೊಳ್ಳುತ್ತದೆ. ಆದರೆ ಈ ಶುಲ್ಕ ನಿಂತಿರುವುದು ಮನುಷ್ಯರಿಗೆ ಕೊಡುವ ಹಣದ ಮೇಲೆ. ಮನುಷ್ಯರ ಬದಲು ಯಂತ್ರ ಓಡಿದಷ್ಟೂ ಕಲ್ಯಾಣ ನಿಧಿಗೆ ಬರುವ ಹಣ ಇಳಿಯುತ್ತದೆ. ಕಾಯ್ದೆಯನ್ನು ಮುಂದೆ ತಿದ್ದುವವರು ಇದನ್ನು ಗಮನಿಸಬೇಕು.

ಗಾಡಿ ಯಾರ ಹೆಸರಿನಲ್ಲಿ

ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದು ಸಾಗಣೆ, ಕಮಿಷನ್, ಹಾಳು, ಅಂಗಡಿಯವರ ಲಾಭ ಇವುಗಳಲ್ಲಿ ಹಂಚಿಹೋಗುತ್ತದೆ. ಸಾಗಣೆ ಅಗ್ಗವಾದರೆ ಉಳಿದ ಪೈಸೆ ತಾನಾಗಿಯೇ ಹೊಲಕ್ಕೆ ಹರಿಯುವುದಿಲ್ಲ. ಗಾಡಿ, ಸಂಗ್ರಹ ಕೇಂದ್ರ, ಆರ್ಡರ್ ಪಡೆಯುವ ಆ್ಯಪ್ ಮೂರೂ ಒಂದೇ ದೊಡ್ಡ ಕಂಪನಿಯ ಕೈಯಲ್ಲಿದ್ದರೆ ಆ ಉಳಿತಾಯ ಅಲ್ಲಿಯೇ ನಿಲ್ಲುತ್ತದೆ. ಅದು ಕಂಪನಿಯ ಕೆಡುಕುತನವಲ್ಲ, ವ್ಯಾಪಾರದ ನಿಯಮ.

ನಮ್ಮ ನಾಡಿಗೆ ಇದಕ್ಕೆ ಉತ್ತರ ಗೊತ್ತಿಲ್ಲದೇನಿಲ್ಲ. ತೋಟಗಾರಿಕೆಯ ಹಿರಿಯ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಹಣ್ಣು, ತರಕಾರಿಗೆಲ್ಲ ವಿಸ್ತರಿಸಿಕೊಂಡ ಹಾಪ್‌ಕಾಮ್ಸ್ ಇಂದಿಗೂ ಇದೆ. ರೈತರಿಂದ ನೇರವಾಗಿ ಕೊಂಡು, ತೂಕದಲ್ಲಿ ಮೋಸವಿಲ್ಲದೆ, ಬಡಾವಣೆಯ ಮೂಲೆಯ ಪುಟ್ಟ ಮಳಿಗೆಯಲ್ಲಿ ಮಾರುವ ಅದರ ಕ್ರಮ, ಆನ್‌ಲೈನ್ ಕಂಪನಿಗಳು ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ ಬೆಂಗಳೂರಿಗೆ ಪರಿಚಿತವಾಗಿತ್ತು. ಹಲವು ಮಳಿಗೆಗಳು ಮುಚ್ಚಿವೆ ನಿಜ. ಉಳಿದಿರುವವು ಇಂದಿಗೂ ಹೊಲಕ್ಕೂ ಮನೆಗೂ ನಡುವಿನ ಅತಿ ಚಿಕ್ಕ ದಾರಿ.

ಇನ್ನೊಂದು ಹಾಲು. 1974ರಲ್ಲಿ ರಾಜ್ಯ ಹೈನು ಅಭಿವೃದ್ಧಿ ನಿಗಮದಿಂದ ಶುರುವಾಗಿ, 1983ರಿಂದ ನಂದಿನಿ ಹೆಸರಿನಲ್ಲಿ ಮನೆಮಾತಾದ ವ್ಯವಸ್ಥೆಯಲ್ಲಿ ಹಳ್ಳಿಯ ಸಂಘಕ್ಕೆ ಎರಡು ಹೊತ್ತೂ ಹಾಲು ಬರುತ್ತದೆ, ಗಾಡಿ ಗೊತ್ತಾದ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ಬರುತ್ತದೆ, ಅರ್ಧ ಲೀಟರ್ ತಂದವರಿಗೂ ಲೆಕ್ಕವಿದೆ. ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಯಲ್ಲೇ ಮಾಗಡಿ, ರಾಮನಗರದ ಹಳ್ಳಿಗಳು ಬರುತ್ತವೆ. ಹಾಲು ಕೊಡುವ ಮನೆಯಲ್ಲೇ ಸೊಪ್ಪೂ ಇದೆ, ಅವರೆಯೂ ಇದೆ. ನಾಲ್ಕನೆಯ ಮಟ್ಟದ ಗಾಡಿಗೆ ಬೇಕಾದದ್ದು ನಿಗದಿತ ದಾರಿ, ನಿಗದಿತ ಹೊತ್ತು. ಹಾಲಿನ ಜಾಲ ಆ ಎರಡನ್ನೂ ಐವತ್ತು ವರ್ಷಗಳಿಂದ ಪಾಲಿಸಿಕೊಂಡು ಬಂದಿದೆ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ ಯೋಜನೆ 2020ರ ಫೆಬ್ರುವರಿಯಲ್ಲಿ ಶುರುವಾಗಿದೆ. ಅಂಥ ಸಂಸ್ಥೆಗಳಿಗೆ ಗಾಡಿ ಕೊಳ್ಳಲು ನೆರವು, ಹಾಪ್‌ಕಾಮ್ಸ್‌ಗೆ ಬಿಎಂಟಿಸಿ ನಿಲ್ದಾಣಗಳಲ್ಲಿ ಇಳಿಸುವ ಜಾಗ, ಗಾಡಿಯ ತಂತ್ರಜ್ಞಾನಕ್ಕೆ ಮೈಸೂರು ರಸ್ತೆಯ ಎಂಜಿನಿಯರುಗಳು, ಇಷ್ಟು ಸೇರಿದರೆ ಪ್ರಯೋಗಕ್ಕೆ ಬೇಕಾದದ್ದೆಲ್ಲ ಇಪ್ಪತ್ತೈದು ಕಿಲೋಮೀಟರಿನೊಳಗೇ ಸಿಗುತ್ತದೆ.

ತಾವರೆಕೆರೆಯಿಂದ ನೈಸ್ ರಸ್ತೆ ಮೂಲಕ ಕೆಂಗೇರಿಗೆ ಒಂದು ದಾರಿ, ಒಂದು ಸಣ್ಣ ವಿದ್ಯುತ್ ಗಾಡಿ, ಈಗ ಆ ದಾರಿಯಲ್ಲಿ ಟಾಟಾ ಏಸ್ ಓಡಿಸುತ್ತಿರುವವರಿಗೇ ಅದರ ಮೇಲ್ವಿಚಾರಣೆಯ ತರಬೇತಿ: ಮೊದಲ ಪ್ರಯೋಗಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ. ಅದಕ್ಕೆ 2ಬಿ ಸೆಕ್ಷನ್ ಅಡಿ ಅನುಮತಿ ಕೇಳುವ ಅರ್ಜಿಯಲ್ಲಿ ಗಾಡಿಯ ಮಾಲೀಕರ ಜಾಗದಲ್ಲಿ ರೈತರ ಸಂಘದ ಹೆಸರೇ ಇರಬೇಕು. ರಾಜ್ಯದ ಸಹಕಾರ, ತೋಟಗಾರಿಕೆ, ಸಾರಿಗೆ ಇಲಾಖೆಗಳು ಒಟ್ಟಾಗಿ ಆ ಅರ್ಜಿಯನ್ನು ಬರೆಯಲಿ.